ನಾಲ್ಕು ಕಡೆ ದುಡಿದ ತೋಳು

ವೇಗ ಅಳೆಯುವ ಯಂತ್ರ ನೂರಿಪ್ಪತ್ತಾರು ತೋರಿಸಿತು. ಕೋಚ್ ಅದನ್ನು ತೊಡೆಗೆ ಎರಡು ಸಲ ಬಡಿದು, ಇನ್ನೊಂದು ಚೆಂಡು ಎಸೆಯಲು ಕೈಸನ್ನೆ ಮಾಡಿದರು. ಈ ಸಲ ನೂರಿಪ್ಪತ್ತೈದು.

“ಬ್ಯಾಟರಿ ಹೋಗಿದೆಯೇನೋ,” ಎಂದರು ಕೋಚ್.

“ಬ್ಯಾಟರಿ ಹೋಗಿರೋದು ಯಂತ್ರದ್ದಲ್ಲ ಬಿಡಿ,” ಎಂದ ಕ್ಯಾಚರ್, ಕೈಗವಸಿನಿಂದ ಚೆಂಡು ಬಿಡಿಸಿಕೊಳ್ಳುತ್ತಾ. “ಹೋದ ವರ್ಷ ಇವನ ಚೆಂಡು ಹಿಡಿದರೆ ಅಂಗೈ ಉರಿಯೋದು. ಈಗ ಯಾರೋ ದಿಂಬು ಎಸೆದ ಹಾಗಿದೆ.”

ಮೈದಾನದ ನಡುವಿನ ಮಣ್ಣಿನ ದಿಬ್ಬದ ಮೇಲೆ ನಿಂತಿದ್ದ ಬಾತು ನಕ್ಕ. ಅವನ ನಿಜವಾದ ಹೆಸರು ಕ್ಲಬ್ಬಿನ ರಿಜಿಸ್ಟರಿನಲ್ಲಿ ಮಾತ್ರ ಇತ್ತು. ಪಾದಗಳನ್ನು ಹೊರಕ್ಕೆ ತಿರುಗಿಸಿ, ಸೊಂಟ ಆಡಿಸುತ್ತಾ ನಡೆಯುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಬಾತು ಆಗಿಹೋಗಿದ್ದ. ಅವನು ಪಿಚರ್. ಬೇಸ್‌ಬಾಲಿನಲ್ಲಿ ಪಿಚರ್ ಚೆಂಡು ಎಸೆದರೇ ಆಟ. ಉಳಿದವರೆಲ್ಲ ಅವನ ತೋಳನ್ನು ನೋಡಿಕೊಂಡು ನಿಂತಿರಬೇಕು. ಬಾತುವಿನ ತೋಳು ಹೋದ ವರ್ಷ ಗಂಟೆಗೆ ನೂರಮೂವತ್ತನಾಲ್ಕು ಕಿಲೋಮೀಟರ್ ವೇಗದಲ್ಲಿ ಎಸೆದಿತ್ತು. ಇನ್ನು ಐದು ವಾರಕ್ಕೆ ಕ್ಲಬ್ಬು ಮುಂದಿನ ವರ್ಷದ ಪಟ್ಟಿ ಮಾಡುತ್ತದೆ. ಒಂಬತ್ತು ಪಿಚರ್‌ಗಳಲ್ಲಿ ನಾಲ್ವರು ಉಳಿಯುತ್ತಾರೆ, ಐವರು ಮನೆಗೆ. ಇಪ್ಪತ್ತೇಳು ತುಂಬಿದವನು ಪಟ್ಟಿಯಿಂದ ಬಿದ್ದರೆ ಬೇರೆ ಕ್ಲಬ್ಬಿನವರು ಕರೆದು ಮಣೆ ಹಾಕುವುದಿಲ್ಲ. ಅದು ಬಾತುವಿಗೂ ಗೊತ್ತಿತ್ತು. ಅದಕ್ಕೇ ಅವನು ನಕ್ಕದ್ದು ಯಾರಿಗೂ ನಗುವಿನಂತೆ ಕಾಣಲಿಲ್ಲ.

ಕೋಚ್ ಬೇಲಿಯ ಕಡೆ ತಿರುಗಿದರು. ಅಲ್ಲಿ ಮೊಣಕಾಲಿನ ಮೇಲೆ ಭಾರ ಬೀಳದ ಹಾಗೆ ಕಂಬಕ್ಕೆ ಒರಗಿ ಕಸರತ್ತಕ್ಕ ನಿಂತಿದ್ದಳು. ಆಟಗಾರರ ಮೈ ಗಟ್ಟಿ ಮಾಡುವುದು ಅವಳ ಕೆಲಸ.

“ಏನಮ್ಮಾ, ನಿನ್ನ ಕಬ್ಬಿಣ ಎಲ್ಲಿಗೆ ಹೋಯ್ತು? ಇವನಿಗೆ ತಿನ್ನಿಸ್ತಿದ್ದೀಯೋ, ಬರೀ ತೋರಿಸ್ತಿದ್ದೀಯೋ?”

“ಜಾಸ್ತಿ ಮಾಡ್ತೀನಿ,” ಎಂದಳು ಕಸರತ್ತಕ್ಕ.

ಮಾತಿಗೆ ಹೇಳಿದ್ದಲ್ಲ. ಹಿಂದಿನ ದಿನವೇ ಅವಳು ಬಾತುವಿನ ಪುಟದಲ್ಲಿ ಪ್ರತಿ ಸಾಲಿಗೂ ಐದೈದು ಕಿಲೋ ಏರಿಸಿ ಬರೆದಾಗಿತ್ತು. ವೇಗ ಇಳಿದಿದೆ, ಎಂದರೆ ಬಲ ಇಳಿದಿದೆ, ಎಂದರೆ ಭಾರ ಏರಬೇಕು. ಲೆಕ್ಕ ನೇರವಾಗಿತ್ತು.

ಕಸರತ್ತಿನ ಕೋಣೆ ಇದ್ದದ್ದು ಪ್ರೇಕ್ಷಕರು ಕೂರುವ ಮೆಟ್ಟಿಲುಗಳ ಕೆಳಗೆ. ಮೇಲಿನ ಮೆಟ್ಟಿಲು ಇಳಿದ ಹಾಗೆ ಒಳಗಿನ ಚಾವಣಿಯೂ ಇಳಿಯುತ್ತಾ ಹೋಗಿ, ಕೊನೆಯ ಮೂಲೆಯಲ್ಲಿ ತೆವಳಿಕೊಂಡೇ ಹೋಗಬೇಕಿತ್ತು. ಹೊಸಬರೆಲ್ಲ ಒಂದು ಸಲವಾದರೂ ಅಲ್ಲಿ ತಲೆ ಕುಟ್ಟಿಸಿಕೊಂಡೇ ತಂಡದವರಾಗುತ್ತಿದ್ದರು. ರಬ್ಬರ್ ಹಾಸು, ತುಕ್ಕು, ಹಳೇ ಬೆವರು ಇವಿಷ್ಟರ ವಾಸನೆ. ಗೋಡೆಯ ಮೇಲ್ಭಾಗದಲ್ಲಿ ಒಂದು ಸರಳಿನ ಕಿಟಕಿ. ಅದರಾಚೆ ಆಟಗಾರರು ಕೂರುವ ಬೆಂಚು. ಇತ್ತ ಕಬ್ಬಿಣ ಸದ್ದು ಮಾಡಿದರೆ ಅತ್ತ ಕೋಚಿಗೆ ಕೇಳುತ್ತಿತ್ತು.

ಮೂರು ವರ್ಷದ ಹಿಂದೆ ಅವಳು ಬಂದಾಗ ಆ ಕೋಣೆಯಲ್ಲಿ ಎದೆಯ ಮೇಲೆ ಭಾರ ಎತ್ತುವ ಬೆಂಚೊಂದೇ ಇತ್ತು. ಆಟಗಾರರು ಅದರ ಮೇಲೆ ಅಂಗಾತ ಮಲಗಿ, ಎದೆ ಉಬ್ಬಿಸಿ, ಕನ್ನಡಿ ನೋಡಿಕೊಂಡು ಹೋಗುತ್ತಿದ್ದರು. ಅವಳು ಮೊದಲು ಮಾಡಿದ ಕೆಲಸವೆಂದರೆ ಆ ಬೆಂಚನ್ನು ಇಳಿಜಾರು ಮೂಲೆಗೆ ತಳ್ಳಿದ್ದು. ಪ್ರಾಯದಲ್ಲಿ ಹನ್ನೆರಡು ವರ್ಷ ಗುಂಡು ಎಸೆದವಳು ಅವಳು. ಎಸೆತ ಹುಟ್ಟುವುದು ತೋಳಿನಲ್ಲಲ್ಲ, ಹಿಮ್ಮಡಿಯಲ್ಲಿ. ನೆಲದಿಂದ ಕಾಲಿಗೆ, ಕಾಲಿನಿಂದ ಸೊಂಟಕ್ಕೆ, ಸೊಂಟದಿಂದ ಬೆನ್ನಿಗೆ ಏರಿ, ತೋಳಿಗೆ ಬರುವ ಹೊತ್ತಿಗೆ ಕೆಲಸ ಮುಗಿದೇ ಇರುತ್ತದೆ ಎಂದು ಮೈಯಾರೆ ಬಲ್ಲವಳು. ಹಾಗಾಗಿ ಭಾರ ಹೊತ್ತು ಬಸ್ಕಿ, ಪೆಟ್ಟಿಗೆಯ ಮೇಲೆ ಒಂಟಿಗಾಲಲ್ಲಿ ಹತ್ತಿ ಇಳಿಯುವುದು, ಭುಜದ ಹಿಂಭಾಗ ಗಟ್ಟಿಯಾಗಲು ಹಗ್ಗ ಜಗ್ಗುವುದು, ಮರಳು ತುಂಬಿದ ಚೆಂಡನ್ನು ಸೊಂಟ ತಿರುಗಿಸಿ ಗೋಡೆಗೆ ಬಡಿಯುವುದು. ಒಂದೊಂದನ್ನೂ ಮೊದಲು ತನ್ನ ಮೈಮೇಲೆ ಪರೀಕ್ಷೆ ಮಾಡಿ, ಬೇಡದ್ದನ್ನು ಕಿತ್ತು ಹಾಕಿ, ಬೇಕಾದ್ದನ್ನು ಉಳಿಸಿಕೊಂಡಿದ್ದಳು. ವಾರಕ್ಕೆ ನಾಲ್ಕು ದಿನ, ದಿನಕ್ಕೆ ಐವತ್ತೈದು ನಿಮಿಷ. ಜೀವನದಲ್ಲಿ ತಾನೇ ಆರಿಸಿ ಕಟ್ಟಿದ್ದು ಎಂದು ಅವಳಿಗೆ ಇದ್ದದ್ದು ಅದೊಂದೇ.

ಆ ವಾರ ಬಾತು ಏರಿಸಿದ ಭಾರವನ್ನೂ ಎತ್ತಿದ. ಬೇಡ ಎನ್ನಲಿಲ್ಲ. ಮರುವಾರ ಚೆಂಡಿನ ವೇಗ ನೂರಿಪ್ಪತ್ತನಾಲ್ಕು.

ಗುರುವಾರ ಎರಡು ಸುತ್ತು ಬಸ್ಕಿಯ ನಡುವಿನ ಬಿಡುವಿನಲ್ಲಿ ಅವನು ಪೆಟ್ಟಿಗೆಯ ಮೇಲೆ ಕುಳಿತ. ಎರಡು ನಿಮಿಷ ಎಂದು ಹೇಳಿ ಅವಳು ಇನ್ನೊಬ್ಬನ ಬೆನ್ನು ನೋಡಲು ಹೋದಳು. ತಿರುಗಿ ಬಂದಾಗ ಬಾತು ತೊಡೆಯ ಮೇಲೆ ಮೊಣಕೈ ಊರಿ, ಬಾಯಿ ತೆರೆದು, ನಿದ್ದೆ ಹೋಗಿದ್ದ. ಪಕ್ಕದಲ್ಲೇ ಯಾರೋ ಇಪ್ಪತ್ತು ಕಿಲೋದ ಬಿಲ್ಲೆಯನ್ನು ಧಡ್ ಎಂದು ಇಳಿಸಿದರು. ರೆಪ್ಪೆಯೂ ಅಲುಗಲಿಲ್ಲ.

“ಏನೋ ಇದು? ರಾತ್ರಿ ಎಲ್ಲಿ ಸುತ್ತೋಕೆ ಹೋಗಿದ್ದೆ?”

ಬಾತು ದಡಬಡಿಸಿ ಎದ್ದ. “ಎಲ್ಲೂ ಇಲ್ಲ ಅಕ್ಕ. ಕಣ್ಣು ಮುಚ್ಚಿಕೊಂಡಿದ್ದೆ ಅಷ್ಟೆ.”

“ಗೊರಕೆ ಯಾರದ್ದು ಹಾಗಾದ್ರೆ?”

“ಏನಿಲ್ಲ ಅಕ್ಕ. ಎಷ್ಟು ಕಿಲೋ ಹಾಕಲಿ?”

ಅವಳಿಗೆ ಸಿಟ್ಟು ಬಂತು. ಪಟ್ಟಿಗೆ ಇಷ್ಟು ಹತ್ತಿರ ಬಂದಿರುವಾಗ ಮೋಜು ಮಾಡಿಕೊಂಡಿದ್ದಾನೆ ಎಂದುಕೊಂಡಳು. ಷರಾ ಬರೆಯುವ ಜಾಗದಲ್ಲಿ ‘ಆಸಕ್ತಿ ಕಡಿಮೆ’ ಎಂದು ಗೀಚಿದಳು.

ಮಾರನೆಯ ಮಧ್ಯಾಹ್ನ, ಆಟಗಾರರೆಲ್ಲ ಮೈದಾನದಲ್ಲಿದ್ದಾಗ, ಕಂಕುಳಲ್ಲಿ ಮಗು ಎತ್ತಿಕೊಂಡು ಒಬ್ಬ ಹೆಂಗಸು ಕೋಣೆಯ ಬಾಗಿಲಿಗೆ ಬಂದಳು. ರವಿಕೆಯ ಅಂಚಿಗೆ ನಾಲ್ಕಾರು ಗುಂಡುಸೂಜಿ ಚುಚ್ಚಿಕೊಂಡಿದ್ದಳು. ಹೊಲಿಗೆಯವಳು ಎಂದು ನೋಡಿದರೇ ತಿಳಿಯುತ್ತಿತ್ತು.

“ಕಸರತ್ತಕ್ಕ ಅಂದ್ರೆ ನೀವೇನಾ? ನಾನು ಬಾತು ಹೆಂಡತಿ. ಇಲ್ಲಿ ಎಲ್ಲರೂ ಹಾಗೇ ಕರೀತಾರಂತಲ್ಲ, ನಾನೂ ಹಾಗೇ ಅಂದೆ.”

“ಬಾಮ್ಮ, ತಲೆ ಜೋಪಾನ. ಕೂತ್ಕೋ.”

“ಕೂರೋಕೆ ಬಂದಿಲ್ಲಕ್ಕ. ಒಂದು ಮಾತು ಕೇಳೋಣ ಅಂತ ಬಂದೆ. ನನ್ನ ಗಂಡನಿಗೆ ನೀವು ಇಲ್ಲಿ ಏನು ಮಾಡ್ತಿದ್ದೀರಿ? ನಿನ್ನೆ ತಟ್ಟೆ ಮುಂದೆ ಕೂತವನು ತಟ್ಟೆಗೇ ಮುಖ ಇಟ್ಟು ಮಲಗಿಬಿಟ್ಟ. ಮಗು ಎತ್ತಿಕೊಳ್ಳೋಕೆ ಎಡಗೈ ಕೊಡ್ತಾನೆ. ಬಲಗೈ ಯಾಕೋ ಅಂದ್ರೆ ಏನಿಲ್ಲ ಅಂತಾನೆ. ಅಂಗಿ ತೊಡೋವಾಗ ಹಲ್ಲು ಕಚ್ಚೋದು ನನಗೆ ಕಾಣಲ್ವಾ?”

ಕಸರತ್ತಕ್ಕ ಪೆಟ್ಟಿಗೆಯ ಮೇಲೆ ಕುಳಿತಳು. “ಬಲಗೈ ನೋವು ಅಂತ ನನಗೆ ಹೇಳೇ ಇಲ್ಲ.”

“ಯಾರಿಗೆ ಹೇಳ್ತಾನೆ? ಯಾರು ಏನು ಕೇಳಿದರೂ ಹೂಂ ಅನ್ನೋದೇ ಅವನ ರೋಗ. ನಾನು ಕೇಳಿದ್ದಕ್ಕೂ ಹೂಂ ಅಂದ, ಮದುವೆ ಆಯ್ತು.”

“ಅವನು ಎಷ್ಟು ಹೊತ್ತಿಗೆ ಏಳ್ತಾನೆ?”

“ಎರಡೂವರೆಗೆ.”

“ಮಧ್ಯಾಹ್ನಾನಾ?”

“ಅಯ್ಯೋ, ಬೆಳಗಿನ ಜಾವ ಕಣಕ್ಕ! ಎಂಟು ತಿಂಗಳಿಂದ ಬೇಕರಿ ಕೆಲಸ ಅಲ್ವಾ? ಮೂರಕ್ಕೆ ಒಲೆ ಹಚ್ಚಬೇಕು. ಹನ್ನೊಂದರ ತನಕ ಅಲ್ಲೇ.”

ಬಾತು ಬೇಕರಿಯಲ್ಲಿದ್ದಾನೆ ಎಂದು ಅವಳಿಗೆ ಗೊತ್ತಿತ್ತು. ಬೇಕರಿ ಎಂದರೆ ಗಾಜಿನ ಕಪಾಟಿನ ಹಿಂದೆ ನಿಂತು ಬ್ರೆಡ್ ಕಟ್ಟಿಕೊಡುವುದು ಎಂದುಕೊಂಡಿದ್ದಳು. ಹೊಲಿಗೆಯವಳು ನಿಂತ ನಿಲುವಿನಲ್ಲೇ ಹೇಳುತ್ತಾ ಹೋದಳು: ಮೈದಾ ಮೂಟೆ, ಒಂದೊಂದು ಐವತ್ತು ಕಿಲೋ, ಗಾಡಿಯಿಂದ ಇಳಿಸಿ ಒಳಗೆ ಹಾಕುವವನು ಇವನೇ, ದಿನಕ್ಕೆ ಮೂವತ್ತಕ್ಕೆ ಕಮ್ಮಿ ಇಲ್ಲ. ಆಮೇಲೆ ಕಾದ ತಟ್ಟೆಗಳು. ಹನ್ನೆರಡಕ್ಕೆ ಮನೆ. ಎರಡೂವರೆಗೆ ಇಲ್ಲಿ. ಇಲ್ಲಿ ಮೊದಲು ಕಬ್ಬಿಣ, ಆಮೇಲೆ ಅಭ್ಯಾಸ, ಆಮೇಲೆ ಕೋಚ್ ಹೇಳಿದ ಓಟ. ಮೈದಾನದ ಆ ತುದಿಯ ಕಂಬದಿಂದ ಈ ತುದಿಯ ಕಂಬಕ್ಕೆ ಇಪ್ಪತ್ತು ಸಲ. ವೇಗ ಇಳಿದ ಮೇಲೆ ಇನ್ನೂ ಹತ್ತು ಸೇರಿತು. ಸಂಜೆ ಮನೆಗೆ ಬಂದರೆ ಹಿತ್ತಲ ಓಣಿಯಲ್ಲಿ ಮಾವನವರು ಕೈಗವಸು ಹಾಕಿಕೊಂಡು ಕಾದಿರುತ್ತಾರೆ. ಅವರಿಗೆ ಅರವತ್ತು ಚೆಂಡು. ಒಂದು ತಪ್ಪಿದರೆ ಲೆಕ್ಕ ಮೊದಲಿಂದ.

“ಎಂಟೂವರೆಗೆ ಬಿದ್ದುಕೊಂಡರೆ ಇವಳು ಹಲ್ಲು ಬರ್ತಿದೆ ಅಂತ ಕಿರುಚುತ್ತಾಳೆ,” ಎಂದು ಮಗುವಿನ ಬೆನ್ನು ತಟ್ಟಿದಳು. “ನಾನು ಗಂಡನ ಮೈ ಗಟ್ಟಿ ಮಾಡ್ತಾರೆ ಅಂತ ಕಳಿಸಿದ್ದು. ನೀವೆಲ್ಲ ಸೇರಿ ಹಿಂಡಿ ಒಣಗೋಕೆ ಹಾಕಿದ್ದೀರಿ.”

ಅವಳು ಹೋದ ಮೇಲೆ ಕಸರತ್ತಕ್ಕ ಪುಸ್ತಕ ತೆರೆದಳು. ಬಾತುವಿನ ಪುಟದಲ್ಲಿ ತಾರೀಖು, ಭಾರ, ಎಷ್ಟು ಸಲ, ಷರಾ. ಎಲ್ಲ ಅಚ್ಚುಕಟ್ಟು. ಆ ಕೋಣೆಯ ಬಾಗಿಲಿನಿಂದ ಆಚೆಗಿನದು ಒಂದಕ್ಷರವಿಲ್ಲ. ಕೋಚಿನ ಬಳಿ ಬೇರೆ ಪುಸ್ತಕ, ಅದರಲ್ಲಿ ಓಟ ಮಾತ್ರ. ಅಪ್ಪನ ಲೆಕ್ಕ ಅಪ್ಪನ ಬಾಯಲ್ಲಿ. ಮೂಟೆಗಳ ಲೆಕ್ಕ ಬೇಕರಿಯವನಿಗೆ. ನಾಲ್ಕು ಕಡೆಯವರೂ ತಮ್ಮದೊಂದೇ ಎಂದು ನಂಬಿಕೊಂಡು ಒಂದೇ ತೋಳನ್ನು ದುಡಿಸುತ್ತಿದ್ದರು. ಅದು ಸೋತರೆ ನಾಲ್ಕು ಕಡೆಯವರೂ ಇನ್ನಷ್ಟು ಸೇರಿಸುತ್ತಿದ್ದರು.

ಮೊದಲು ಅವಳಿಗೆ ತೋರಿದ್ದು ಉಳಿದವರ ತಪ್ಪೇ. ಆ ಹುಚ್ಚು ಓಟ ಯಾಕೆ? ಎರಡು ಸೆಕೆಂಡಿನಲ್ಲಿ ಮುಗಿಯುವ ಎಸೆತಕ್ಕೆ ಅರ್ಧ ಗಂಟೆ ಓಡಿದರೆ ಸಿಗುವುದೇನು? ಅಭ್ಯಾಸದ ಮೇಲೆ ಅರವತ್ತು ಚೆಂಡು ಯಾಕೆ? ಬೇಕರಿಯನ್ನಂತೂ ಬಿಡಿಸುವ ಹಾಗಿಲ್ಲ, ಅದು ಹೊಟ್ಟೆಯ ಮಾತು. ಉಳಿದ ಇಬ್ಬರಿಗೆ ಹೇಳಿದರಾಯಿತು.

ಕೋಚ್ ಅವಳ ಅಕ್ಕನ ಗಂಡ. ಅವಳು ಇದ್ದದ್ದು ಅವರ ಮನೆಯ ಮೇಲಿನ ಕೋಣೆಯಲ್ಲೇ. ಸಂಜೆ ಅವರು ಅಡುಗೆಮನೆಯ ಕುರ್ಚಿಯಲ್ಲಿ ಕುಳಿತು ಬಿಸಿನೀರಿನ ಬೋಗುಣಿಯಲ್ಲಿ ಪಾದ ಇಳಿಬಿಟ್ಟುಕೊಂಡಿದ್ದರು.

“ಭಾವ, ಬಾತುವಿನ ಓಟ ನಿಲ್ಲಿಸಿ. ಮೂರು ವಾರ ಸಾಕು.”

“ಯಾಕೆ? ಕಾಲು ಮುರಿದಿದೆಯಾ?”

“ಸುಸ್ತಾಗಿದ್ದಾನೆ.”

“ನನಗೂ ಸುಸ್ತಾಗಿದೆ. ನಾಳೆಯಿಂದ ನಾನೂ ಬರಲ್ಲ, ಆಗ್ಬಹುದಾ?” ಅವರು ನೀರಿನಲ್ಲಿ ಬೆರಳು ಆಡಿಸಿದರು. “ಮೂವತ್ತು ವರ್ಷದಿಂದ ಓಡಿಸ್ತಿದ್ದೀನಿ. ಓಡಿ ಯಾವನೂ ಸತ್ತಿಲ್ಲ.”

“ಸತ್ತಿಲ್ಲ ಭಾವ. ಬಿಟ್ಟು ಹೋಗಿದ್ದಾರೆ.”

“ನೋಡು, ಒಬ್ಬನಿಗೆ ಬಿಟ್ಟರೆ ನಾಳೆ ಇಡೀ ತಂಡಕ್ಕೆ ಕಾಲುನೋವು ಶುರುವಾಗುತ್ತೆ. ನಿನ್ನ ಕೋಣೆ ನಿನ್ನದು, ನಾನು ಅಲ್ಲಿ ತಲೆ ಹಾಕಿದ್ದೀನಾ? ಮೈದಾನ ನನ್ನದು.”

“ಊಟದ ಹೊತ್ತಿಗಾದ್ರೂ ಆ ಚೆಂಡನ್ನ ಹೊರಗಿಡಿ ಇಬ್ಬರೂ,” ಎಂದಳು ಅಕ್ಕ, ಇವರತ್ತ ತಿರುಗದೆ. “ಈ ಮನೇಲಿ ಮಾತಾಡೋಕೆ ಬೇರೆ ಸಂಗತೀನೇ ಇಲ್ವಾ?”

ಮಾರನೆಯ ಸಂಜೆ ಅವಳು ಬಾತುವಿನ ಮನೆಯ ಹಿಂದಿನ ಓಣಿಗೆ ಹೋದಳು. ಎರಡು ಕಟ್ಟಡಗಳ ಹಿಂಬದಿಯ ಗೋಡೆಗಳ ನಡುವೆ ಉದ್ದಕ್ಕೆ ಗುಡಿಸಿ, ಸುಣ್ಣದ ಗೆರೆ ಎಳೆದಿತ್ತು. ಅವನ ಅಪ್ಪ ಕಾಲುಮಣೆಯ ಮೇಲೆ ಕುಳಿತು ಹಳೇ ಕೈಗವಸಿಗೆ ಎಣ್ಣೆ ಸವರುತ್ತಿದ್ದರು. ಒಂದು ಕಾಲಕ್ಕೆ ಅವರೂ ಪಿಚರ್. ಪಾಳಿ ಕೆಲಸಕ್ಕೆ ಸೇರಿ ಒಂದು ವರ್ಷ ಎಸೆತ ಬಿಟ್ಟರಂತೆ. ತಿರುಗಿ ಹೋದಾಗ ತೋಳು ಬರಲಿಲ್ಲವಂತೆ.

“ತೋಳು ಅಂದ್ರೆ ಬಾವಿ ಇದ್ದ ಹಾಗೆ ತಾಯಿ. ಸೇದಿದಷ್ಟೂ ಊರುತ್ತೆ. ಬಿಟ್ಟರೆ ಹೂಳು ತುಂಬುತ್ತೆ.”

“ಬೇಸಿಗೇಲೂ ಊರುತ್ತಾ ಅಪ್ಪ?”

ಮುದುಕರು ಕೈಗವಸಿಗೆ ಇನ್ನೊಂದು ಹನಿ ಎಣ್ಣೆ ಹಾಕಿದರು. “ನಂದು ಎಸೆದು ಹೋಗಿದ್ದಲ್ಲ. ಬಿಟ್ಟು ಹೋಗಿದ್ದು,” ಎಂದರು.

“ಅರವತ್ತರ ಬದಲು ಮೂವತ್ತು ಮಾಡಿ.”

“ಅರವತ್ತು. ಅದರಲ್ಲಿ ಒಂದೂ ಬಿಡಲ್ಲ.”

ಅವರ ಬೆನ್ನ ಹಿಂದೆ ಗೋಡೆಗೆ ಒರಗಿಸಿ ಇನ್ನೊಂದು ಕಾಲುಮಣೆ ಇತ್ತು. ಅದರ ಮೇಲೆ ಒಂದು ತಂಬಿಗೆ ನೀರು, ಮಡಚಿಟ್ಟ ಟವೆಲ್ಲು. ಮಗನಿಗಾಗಿ ಇಟ್ಟದ್ದು. ಇಡೀ ದಿನದಲ್ಲಿ ಈ ಮುದುಕರಿಗೆ ಮಗ ಸಿಗುವುದು ಆ ಅರವತ್ತು ಚೆಂಡುಗಳ ಹೊತ್ತು ಮಾತ್ರ ಎಂದು ಅವಳಿಗೆ ಹೊಳೆಯಿತು. ಮೂವತ್ತರ ಮಾತನ್ನು ಅಲ್ಲೇ ಬಿಟ್ಟಳು.

ಮನೆಗೆ ನಡೆದುಕೊಂಡೇ ಹೋದಳು. ಮೊಣಕಾಲು ನೋಯುತ್ತಿತ್ತು. ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದ ಎಲೆಯ ನೊಣ ಎತ್ತಿ ತೋರಿಸಿದರಂತೆ, ಹಾಗಾಗಿತ್ತು ಅವಳ ಪಾಡು. ನಾಲ್ಕು ಭಾರಗಳಲ್ಲಿ ಮೂಟೆ ಬಿಟ್ಟರೆ ಎಲ್ಲಕ್ಕಿಂತ ಹೆಚ್ಚು ತೂಕದ್ದು ಅವಳದೇ. ಒಳ್ಳೆಯ ಕಸರತ್ತು ಹೌದು. ಅದನ್ನು ಮಾತ್ರ ಮಾಡುವವನಿಗೆ ಒಳ್ಳೆಯದು. ಮೂವತ್ತು ಮೂಟೆ ಹೊತ್ತು ಬಂದವನ ಬೆನ್ನಿಗೆ ಮತ್ತೆ ಕಬ್ಬಿಣದ ಸರಳು ಹೊರಿಸಿ, ಅವನು ತೂಕಡಿಸಿದರೆ ‘ಆಸಕ್ತಿ ಕಡಿಮೆ’ ಎಂದು ಬರೆದವಳು ಅವಳು. ಭಾವ ಬಿಡುವುದಿಲ್ಲ, ಮುದುಕರು ಬಿಡುವುದಿಲ್ಲ, ಬೇಕರಿ ಬಿಡುವ ಹಾಗಿಲ್ಲ. ಬಿಡಬಹುದಾದ್ದು ಒಂದೇ ಉಳಿದಿತ್ತು. ಅದು ಅವಳು ಮೂರು ವರ್ಷ ಕಟ್ಟಿದ್ದು.

ಸೋಮವಾರ ಬಾತು ಬಂದು, ಅಂಗಿ ಕಳಚಿ ಗೂಟಕ್ಕೆ ಹಾಕಿ ನಿಂತ. “ಇವತ್ತು ಏನು ಅಕ್ಕ?”

“ಮಲಗು.”

“ಮಲಗಿ ಏನು ಎತ್ತಲಿ?”

“ಏನೂ ಎತ್ತಬೇಡ. ಆ ಮೂಲೇಲಿ ಹಾಸು ಹಾಕಿದ್ದೀನಿ. ಕಣ್ಣು ಮುಚ್ಚು. ಐವತ್ತು ನಿಮಿಷ.”

ಬಾತು ನಗುತ್ತಾ ಸ್ವಲ್ಪ ಹೊತ್ತು ನಿಂತ. ಅವಳು ನಗದಿದ್ದುದನ್ನು ನೋಡಿ ಅವನ ಮುಖ ಇಳಿಯಿತು. “ನನ್ನ ಬಿಟ್ಟುಬಿಟ್ರಾ ಅಕ್ಕ? ಪಟ್ಟೀಲಿ ಇಲ್ಲ ಅಂತ ಆಗಲೇ ಗೊತ್ತಾಯ್ತಾ?”

“ಮೂರ್ಖ. ಪಟ್ಟೀಲಿ ಬರಲಿ ಅಂತಲೇ ಹೇಳ್ತಿರೋದು. ಆ ಕೈ ಮೇಲೆತ್ತು.”

ಅವನು ಎತ್ತಿದ. ಕಿವಿಯ ಮಟ್ಟಕ್ಕೆ ಬಂದು ನಿಂತಿತು. ಇಬ್ಬರೂ ಅದನ್ನು ನೋಡಿದರು.

“ಮೈ ಗಟ್ಟಿಯಾಗೋದು ಎತ್ತುವಾಗ ಅಲ್ಲ ಕಣೋ, ಎತ್ತಿ ಇಳಿಸಿ ಮಲಗಿದಾಗ. ನೀನು ಎಂಟು ತಿಂಗಳಿಂದ ಬರೀ ಎತ್ತಿದ್ದೀಯ.”

“ಕೋಚ್ ಕೇಳಿದರೆ?”

“ಅವರು ಕೇಳಲ್ಲ. ಅವರಿಗೆ ಸದ್ದು ಬೇಕು, ಅಷ್ಟೆ.”

ಸದ್ದು ಬೇಕಲ್ಲ! ಬಾತು ಹಾಸಿನ ಮೇಲೆ ಒರಗಿ ಎರಡು ನಿಮಿಷ ಆಗಿರಲಿಲ್ಲ, ಉಸಿರು ಆಳಕ್ಕಿಳಿಯಿತು. ಸರಳಿನ ಕಿಟಕಿಯಾಚೆ ಕೋಚಿನ ಟೋಪಿ ಕಾಣುತ್ತಿತ್ತು. ಕಸರತ್ತಕ್ಕ ಭಾರ ಎತ್ತುವ ಸರಳಿಗೆ ಬಿಲ್ಲೆ ಸೇರಿಸಿದಳು, ಅದರ ಕೆಳಗೆ ಭುಜ ಕೊಟ್ಟಳು, ಎದ್ದಳು. ಮೊಣಕಾಲು ಕಟ್ ಎಂದಿತು. ಒಂದು, ಎರಡು, ಮೂರು, ಇಳಿಸಿದಾಗ ಧಡ್. ಟೋಪಿ ಒಪ್ಪಿಗೆಯೆಂಬಂತೆ ಅಲ್ಲಾಡಿತು. ನಲವತ್ತೆಂಟನೆಯ ವಯಸ್ಸಿನಲ್ಲಿ ಅವಳು ಬಾತುವಿನ ಕಸರತ್ತನ್ನು ತಾನು ಮಾಡತೊಡಗಿದಳು. ಭಾರ ಮಾತ್ರ ಅರ್ಧಕ್ಕೆ ಇಳಿಸಿ. ಆ ಹೊತ್ತಿಗೆ ಬರುತ್ತಿದ್ದ ಇನ್ನಿಬ್ಬರಿಗೆ ಬೇರೆ ಗಂಟೆ ಕೊಟ್ಟಳು.

ವಾರದ ನಾಲ್ಕು ದಿನಗಳಲ್ಲಿ ಮಂಗಳವಾರ ಒಂದು ದಿನ ಅವನನ್ನು ಎಬ್ಬಿಸುತ್ತಿದ್ದಳು. ಬಲ ಪೂರ್ತಿ ಜಾರಿಹೋಗಬಾರದು. ಮೂರು ಸುತ್ತು ಬಸ್ಕಿ, ಸುತ್ತಿಗೆ ಮೂರೇ, ಆದರೆ ಭಾರದ್ದು, ಮರಳು ಚೆಂಡನ್ನು ಹತ್ತು ಸಲ ಗೋಡೆಗೆ, ಭುಜಕ್ಕೆ ಹಗ್ಗ. ಇಪ್ಪತ್ತು ನಿಮಿಷ. ಆಮೇಲೆ ಮತ್ತೆ ಹಾಸು. ಪುಸ್ತಕದಲ್ಲಿ ಆದದ್ದನ್ನು ಆದ ಹಾಗೇ ಬರೆದಳು. ‘ನಿದ್ದೆ, ಐವತ್ತು ನಿಮಿಷ.’ ಆ ಪುಸ್ತಕವನ್ನು ಅವಳ ಹೊರತು ಯಾರೂ ಓದುತ್ತಿರಲಿಲ್ಲ.

ಮೊದಲ ವಾರ ಏನೂ ಆಗಲಿಲ್ಲ. ನೂರಿಪ್ಪತ್ತನಾಲ್ಕು. ರಾತ್ರಿ ಹಾಸಿಗೆಯಲ್ಲಿ ತೊಡೆ ಜೋಮು ಹಿಡಿದು ಅವಳಿಗೇ ನಿದ್ದೆ ಬರಲಿಲ್ಲ. ತಪ್ಪು ಆರಿಸಿದೆನೇನೋ, ಒಬ್ಬನ ಬಾಳಿನ ಜೊತೆ ಆಟ ಆಡುತ್ತಿದ್ದೇನೇನೋ ಎಂದು ಅಳುಕಿದಳು. ಎರಡನೆಯ ವಾರ ಬಾತು ಬಾಗಿಲಲ್ಲಿ ಯಾರಿಗೋ ತಮಾಷೆ ಮಾಡಿದ್ದು ಕೇಳಿಸಿತು. ಎಷ್ಟೋ ತಿಂಗಳಾಗಿತ್ತು ಅವನ ತಮಾಷೆ ಕೇಳಿ. ಆ ವಾರವೇ ಅವನ ಹೆಂಡತಿ ಹೇಳಿ ಕಳಿಸಿದಳು: ಸಂಜೆ ಚೆಂಡಿನ ಹೊತ್ತಿಗೆ ಸರಿಯಾಗಿ ಮಾವನವರ ಕೈಗೆ ಮಗು ಕೊಟ್ಟು ತಾನು ಹೊಲಿಗೆಗೆ ಕೂರುತ್ತಿದ್ದಾಳೆ; ಮಗು ಕೈಗವಸನ್ನೇ ಕಚ್ಚುತ್ತದೆ; ಅರವತ್ತು ಇಪ್ಪತ್ತಕ್ಕೆ ಇಳಿದಿದೆ, ಮುದುಕರಿಗೆ ಬೇಸರವೇನೂ ಇಲ್ಲ. ಕಸರತ್ತಕ್ಕನಿಗೆ ತನ್ನ ಬುದ್ಧಿಯ ಬಗ್ಗೆ ನಾಚಿಕೆಯಾಯಿತು. ತಾನು ಅರ್ಧ ಗಂಟೆ ವಾದ ಮಾಡಿ ಸೋತದ್ದನ್ನು ಆ ಹೊಲಿಗೆಯವಳು ಹಲ್ಲು ಬರುವ ಮಗುವಿನಿಂದ ಮಾಡಿಸಿದ್ದಳು.

ಮೂರನೆಯ ವಾರದ ಕೊನೆಯ ಶನಿವಾರ ಪಟ್ಟಿಯ ಪರೀಕ್ಷೆ. ಒಬ್ಬೊಬ್ಬರಿಗೂ ಮೂವತ್ತು ಚೆಂಡು. ಎಲ್ಲರಂತೆ ಬಾತುವೂ ಎಸೆದ. ನೂರಿಪ್ಪತ್ತೆಂಟು, ನೂರಿಪ್ಪತ್ತೊಂಬತ್ತು, ನೂರಮೂವತ್ತು. ಬೇರೆಯವರು ನೂರಮೂವತ್ತೈದರಿಂದ ಶುರುಮಾಡಿ ಇಪ್ಪತ್ತನೆಯ ಚೆಂಡಿಗೆ ಕುಸಿಯುತ್ತಿದ್ದರು. ಬಾತು ಕುಸಿಯಲಿಲ್ಲ. ಇಪ್ಪತ್ತೊಂಬತ್ತನೆಯದು ನೂರಮೂವತ್ತೆರಡು. ಹಳೆಯ ವೇಗ ಅಲ್ಲ. ಆದರೂ ಕ್ಯಾಚರ್ ಕೈಗವಸು ಕಳಚಿ ಅಂಗೈ ಊದಿಕೊಂಡ. ಕೋಚ್ ಪಟ್ಟಿಯಲ್ಲಿ ನಾಲ್ಕನೆಯ ಹೆಸರಾಗಿ ಅವನನ್ನು ಬರೆದರು.

ಬರೆದವರು ನೇರ ಮೆಟ್ಟಿಲ ಕೆಳಗಿನ ಕೋಣೆಗೆ ಬಂದರು. ಹಿಂದೆಯೇ ಬಾತು, ಬೆವರು ಒರೆಸಿಕೊಳ್ಳುತ್ತಾ.

“ತಿನ್ನಿಸಿದೆಯಲ್ಲಮ್ಮಾ ಕಬ್ಬಿಣಾನ! ದಿನಾ ಬೆಂಚಲ್ಲಿ ಕೂತು ಕೇಳಿಸಿಕೊಳ್ತಿದ್ದೆ. ಧಡ್, ಧಡ್! ಇದಪ್ಪಾ ಕಸರತ್ತು ಅಂದುಕೊಂಡೆ. ಪುಸ್ತಕ ಕೊಡಿಲ್ಲಿ. ಸೋಮವಾರದಿಂದ ಇಡೀ ತಂಡಕ್ಕೂ ಇದೇ. ಇವನಿಗೆ ಐದನೇ ದಿನ ಬೇರೆ ಸೇರಿಸು, ನೂರನಲವತ್ತು ಮುಟ್ಟಿಸೋಣ.”

ಬಾತು ಅವಳನ್ನು ನೋಡಿದ. ಅವಳಿಗೆ ದಾರಿ ಇತ್ತು. ಹಳೇ ಪುಟವೊಂದನ್ನು ನಕಲು ಮಾಡಿ ಕೊಟ್ಟರೆ ಹೆಸರು ಉಳಿಯುತ್ತದೆ, ಮನೆಯಲ್ಲಿ ಮುಖ ಉಳಿಯುತ್ತದೆ. ಆದರೆ ಸೋಮವಾರದಿಂದ ಈ ತೋಳಿನ ಮೇಲೆ ಮತ್ತೆ ಐದು ದಿನದ ಕಬ್ಬಿಣ. ಹೇಳಿದರೆ ಹೆಸರು ಈಗಲೇ ಹೋಗಬಹುದು. ಅವಳಿಗೆ ಹೊಸ ಸುಳ್ಳನ್ನು ಹೊರುವಷ್ಟು ಶಕ್ತಿಯೂ ಉಳಿದಿರಲಿಲ್ಲ. ಪುಸ್ತಕವನ್ನು ತೆಗೆದು ಕೊಟ್ಟಳು.

ಕೋಚ್ ಕನ್ನಡಕ ಏರಿಸಿದರು. “ಸೋಮವಾರ, ನಿದ್ದೆ. ಮಂಗಳವಾರ… ಇದು ಸರಿ. ಗುರುವಾರ, ನಿದ್ದೆ. ಶುಕ್ರವಾರ, ನಿದ್ದೆ. ಸೋಮವಾರ…” ಪುಟ ತಿರುವಿದರು. “ಇದೇನಮ್ಮ ಇದು, ಪುಸ್ತಕಾನೋ ತೊಟ್ಟಿಲೋ? ಹಾಗಾದ್ರೆ ಆ ಸದ್ದು?”

“ನಾನು.”

“ನೀನು?”

“ನಾನೇ ಎತ್ತಿದ್ದು. ಅವನು ಮಲಗಿರ್ತಿದ್ದ. ಅವನಿಗೆ ಮಲಗು ಅಂದಿದ್ದು ನಾನು ಭಾವ. ತೆಗೆಯೋದಾದ್ರೆ ನನ್ನ ತೆಗೀರಿ.”

ಮೈದಾನದಲ್ಲಿ ಅವಳು ಅವರನ್ನು ಭಾವ ಎಂದದ್ದು ಅದೇ ಮೊದಲು. ಕೋಚ್ ಅವಳ ಕೈ ನೋಡಿದರು. ಬೆರಳುಗಳ ಬುಡದಲ್ಲಿ ಸರಳು ಉಜ್ಜಿ ಎದ್ದ ಗುಳ್ಳೆಗಳು ಒಡೆದು ಒಣಗಿದ್ದವು. ಅವರ ಕಿವಿ ಕೆಂಪಗಾಯಿತು. ಮೂರು ವಾರ ಒಂದೇ ಮೇಜಿನಲ್ಲಿ ಊಟ ಮಾಡಿ, ಬೆಳಿಗ್ಗೆ ಒಂದೇ ಬಾಗಿಲಿನಿಂದ ಹೊರಟು, ಹೀಗೆ ಮಾಡಿದಳಲ್ಲ. ಜೇಬಿನಿಂದ ಪಟ್ಟಿ ತೆಗೆದರು. ಪೆನ್ನನ್ನೂ ತೆಗೆದರು.

“ಇವತ್ತು ಮೂವತ್ತು ಚೆಂಡು ಎಸೆದದ್ದು ಯಾರು? ಅದೂ ನೀನೇನಾ?”

“ಅಲ್ಲ. ಅವನು.”

“ಮತ್ತೆ!” ಎಂದು ಪಟ್ಟಿಯನ್ನು ಮಡಚಿದರು. ಪೆನ್ನು ಜೇಬಿಗೆ ಹೋಗಲು ಎರಡು ಸಲ ತಪ್ಪಿ ಮೂರನೆಯ ಸಲ ಹೋಯಿತು. “ಹೋಗೋ ಬಾತು, ಸ್ನಾನ ಮಾಡು. ನಿನ್ನ ಹತ್ತಿರ ಆಮೇಲೆ ಮಾತಾಡ್ತೀನಿ.”

ಬಾತು ಹೋದ ಮೇಲೆ ಅವರು ಪೆಟ್ಟಿಗೆಯ ಮೇಲೆ ಭಾರವಾಗಿ ಕುಳಿತರು.

“ಮನೆಯಲ್ಲೇ ಹೇಳಬಹುದಿತ್ತು.”

“ಹೇಳಿದ್ದೆ. ನೀರಲ್ಲಿ ಕಾಲಿಟ್ಟುಕೊಂಡಿದ್ರಿ.”

“ಓಟ ಇಲ್ಲದೆ ಪಿಚರ್ ಆಗಲ್ಲ.”

“ಆರು ಸಲ ಓಡಲಿ. ಜೋರಾಗಿ. ಅರ್ಧ ದೂರ.”

“ಹದಿನೈದು.”

“ಎಂಟು.”

“ಹನ್ನೆರಡು. ಅದಕ್ಕಿಂತ ಕಮ್ಮಿ ಮಾಡಿದರೆ ನಾನು ಮುಖ ಎತ್ತಿ ತಿರುಗೋ ಹಾಗಿಲ್ಲ.”

“ಎಸೆದ ಮಾರನೇ ದಿನ ಒಂದೂ ಬೇಡ.”

ಕೋಚ್ ಬೋಳುತಲೆ ಸವರಿಕೊಂಡರು. “ಹೂಂ. ಅಕ್ಕನಿಗೆ ಹೇಳಬೇಡ.”

ಸೋಮವಾರ ಮಧ್ಯಾಹ್ನ ಕಸರತ್ತಕ್ಕ ಯಾರನ್ನೂ ಸರಳಿನ ಹತ್ತಿರ ಬಿಡಲಿಲ್ಲ. ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ಕುರ್ಚಿಯಲ್ಲಿ ಕುಳಿತು, ಪುಸ್ತಕದ ಹೊಸ ಪುಟ ತೆರೆದಳು. ಒಬ್ಬೊಬ್ಬರಾಗಿ ಬರಲು ಹೇಳಿದಳು. ಮೊದಲು ಬಂದವನು ಕ್ಯಾಚರ್, ಬಗ್ಗಿ, ತಲೆ ಕಾಪಾಡಿಕೊಂಡು.

“ನನಗೆ ಏನು ಕಸರತ್ತು?”

“ಆಮೇಲೆ ಹೇಳ್ತೀನಿ. ಮೊದಲು ನಿನ್ನ ದಿನ ಹೇಳು. ಎದ್ದಾಗಿನಿಂದ.”

“ಎಲ್ಲಾನಾ?”

“ಎಲ್ಲಾ.”

ಅವನು ಬಾಗಿಲಿನ ಕಡೆ ಒಮ್ಮೆ ನೋಡಿದ. ಹೊರಗೆ ಸಾಲಿನಲ್ಲಿದ್ದವರು ಗೋಡೆಗೆ ಒರಗಿ ಕುಳಿತಿದ್ದರು. ಒಬ್ಬ ಆಗಲೇ ಕಣ್ಣು ಮುಚ್ಚಿದ್ದ. ಕ್ಯಾಚರ್ ಕತ್ತು ಕೆರೆದುಕೊಂಡು, “ನಾಲ್ಕೂ ಮುಕ್ಕಾಲಿಗೆ ಏಳ್ತೀನಿ ಅಕ್ಕ,” ಎಂದು ಶುರುಮಾಡಿದ. ಅವಳು ಬರೆದುಕೊಳ್ಳತೊಡಗಿದಳು.